ಶಾಯಿ ಒಣಗುವ ತನಕ

ನಮ್ಮ ಸಂಘದ ಗ್ರಂಥಾಲಯದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು ಯಾವುದೆಂದು ಕೇಳಿದರೆ, ಹಳಬರೆಲ್ಲ ಪುಸ್ತಕದ ಕಪಾಟುಗಳನ್ನು ಬಿಟ್ಟು ನಾಲ್ಕು ದಪ್ಪ ರಿಜಿಸ್ಟರುಗಳ ಕಡೆಗೆ ಬೆರಳು ತೋರಿಸುತ್ತಾರೆ. 1968ರಿಂದ ಈಚೆಗೆ ಬಂದ ಪ್ರತಿಯೊಂದು ಪುಸ್ತಕದ ಕ್ರಮಸಂಖ್ಯೆ, ಹೆಸರು, ಲೇಖಕರು, ಬೆಲೆ, ದಾನವಾಗಿ ಬಂದಿದ್ದರೆ ಕೊಟ್ಟವರ ಹೆಸರು – ಎಲ್ಲ ಅದರಲ್ಲಿದೆ. ಹೆಚ್ಚಿನ ಪುಟಗಳಲ್ಲಿ ಇರುವುದು ಒಬ್ಬರದೇ ಕೈಬರಹ. ನಾವೆಲ್ಲ ಮಾಸ್ತರರು ಎಂದು ಕರೆಯುವ ಹಿರಿಯರದು. ಪುಣೆಗೆ ಬಂದ ಹೊಸತರಲ್ಲಿ ನನಗೆ ಕನ್ನಡ ಕಾದಂಬರಿಗಳನ್ನು ಎತ್ತಿ ಕೊಟ್ಟವರೂ ಅವರೇ.

2023ರ ಮಳೆಗಾಲದಲ್ಲಿ ಗ್ರಂಥಾಲಯದ ಗೋಡೆ ಸೋರಿ, ಮೊದಲನೆಯ ರಿಜಿಸ್ಟರಿನ ಕೆಳಗಿನ ಅಂಚು ನೆನೆಯಿತು. ನೀಲಿ ಶಾಯಿ ಹರಡಿ ಕೆಲವು ಸಾಲುಗಳು ಮೋಡದಂತಾದವು. ಬಿಸಿಲಿಗೆ ಹಾಕಿ ಒಣಗಿಸಿದೆವು. ಆದರೆ ಇನ್ನೊಂದು ಮಳೆಗಾಲ ಬಂದರೆ ಏನು ಗತಿ ಎಂಬ ಚಿಂತೆ ಎಲ್ಲರಿಗೂ ಹತ್ತಿತು. ಇರುವಷ್ಟನ್ನೆಲ್ಲ ಗಣಕಯಂತ್ರಕ್ಕೆ ಏರಿಸಿಬಿಡಬೇಕೆಂದು ನಿಶ್ಚಯವಾಯಿತು.

ಇಲ್ಲಿಯೇ ಹುಟ್ಟಿ ಬೆಳೆದ ನಿಮಗೆ ಕನ್ನಡ ಮಾತು ಬರುತ್ತದೆ, ಆದರೆ ಮಾಸ್ತರರ ಕೂಡಿಸಿ ಬರೆದ ಅಕ್ಷರ ಓದಲು ಬಾರದು. ನಮಗೆ ಆ ಅಕ್ಷರ ಬರುತ್ತದೆ, ಯಂತ್ರದ ಒಳಗುಟ್ಟು ತಿಳಿಯದು. ಆದ್ದರಿಂದ ಕೆಲಸ ಹಂಚಿಕೊಂಡೆವು. ಮಹಿಳಾ ವಿಭಾಗದ ನಾವು ಐದು ಜನ ಮಧ್ಯಾಹ್ನದ ಹೊತ್ತು ಕುಳಿತು, ಎಂಟು ತಿಂಗಳಲ್ಲಿ 14,000 ಸಾಲುಗಳನ್ನು ಟೈಪು ಮಾಡಿದೆವು. ಅವನ್ನು ಡೇಟಾಬೇಸಿಗೆ ತುಂಬುವ ಪ್ರೋಗ್ರಾಂ ಬರೆಯುವ ಕೆಲಸ ನನ್ನ ಮಗಳ ಪಾಲಿಗೆ ಬಂತು.

ನಾನು ಇಂದು ಹೇಳಹೊರಟಿರುವುದು ಆ ತುಂಬುವ ಕೆಲಸದ ಕಥೆ. ನಿಮ್ಮಲ್ಲಿ ಅನೇಕರು ಇದೇ ಊರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುತ್ತಿದ್ದೀರಿ. ನನಗಿಂತ ನಿಮಗೆ ಹೆಚ್ಚು ಗೊತ್ತಿರಬಹುದು. ಆದರೂ ಅಡುಗೆಮನೆಯ ಗಡಿಯಾರ ಹಿಡಿದು ಪಕ್ಕದಲ್ಲಿ ಕುಳಿತಿದ್ದವಳ ಮಾತನ್ನೂ ಸ್ವಲ್ಪ ಕೇಳಿ.

ಮಗಳು ಆರಿಸಿಕೊಂಡದ್ದು ಎಸ್‌ಕ್ಯೂಲೈಟ್ ಎಂಬ ಡೇಟಾಬೇಸು. ರಿಚರ್ಡ್ ಹಿಪ್ ಎಂಬವರು 2000ದಲ್ಲಿ ಹೊರತಂದದ್ದು. ಎಲ್ಲವೂ ಒಂದೇ ಫೈಲಿನಲ್ಲಿ ಇರುತ್ತದೆ. ನಿಮ್ಮೆಲ್ಲರ ಫೋನುಗಳ ಒಳಗೂ ಅದು ಕುಳಿತಿದೆಯಂತೆ. ಪ್ರೋಗ್ರಾಂ ಮತ್ತು ಡೇಟಾಬೇಸಿನ ನಡುವೆ ಇನ್ನೊಂದು ಪದರ ಇತ್ತು. ಅದಕ್ಕೆ ಓಆರ್‌ಎಂ ಎನ್ನುತ್ತಾರೆ. ಪ್ರೋಗ್ರಾಂ ಬರೆಯುವವರು 'ಇದೊಂದು ಪುಸ್ತಕ, ಉಳಿಸು' ಎಂದರೆ ಸಾಕು, ಡೇಟಾಬೇಸಿನ ಭಾಷೆಯಲ್ಲಿ ಮಾತಾಡುವ ಕೆಲಸವನ್ನೆಲ್ಲ ಆ ಪದರವೇ ಮಾಡುತ್ತದೆ. ಒಂದೊಂದು ಪುಸ್ತಕಕ್ಕೂ ಮೂರು ಕಡೆ ಬರೆಯಬೇಕಿತ್ತು: ಲೇಖಕರ ಪಟ್ಟಿ, ಪುಸ್ತಕಗಳ ಪಟ್ಟಿ, ಕ್ರಮಸಂಖ್ಯೆಯ ಪಟ್ಟಿ.

ಸದಸ್ಯರೊಬ್ಬರು ಸಂಘಕ್ಕೆ ಕೊಟ್ಟ ಹಳೆಯ ಗಣಕಯಂತ್ರದಲ್ಲಿ ಕೆಲಸ ಶುರುವಾಯಿತು. ಪೂರ್ತಿ ತುಂಬಲು 56 ನಿಮಿಷ ಬೇಕಾಯಿತು. ಒಂದು ಗಂಟೆ ಏನು ಮಹಾ ಎನ್ನುತ್ತೀರಾ? ಒಂದೇ ಸಲಕ್ಕೆ ಮುಗಿದಿದ್ದರೆ ನಾವೂ ಹಾಗೇ ಅನ್ನುತ್ತಿದ್ದೆವು. ಬೆಲೆಯ ಅಂಕಣದಲ್ಲಿ ಯಾರೋ ಒಬ್ಬರು 'ಗೌರವ ಪ್ರತಿ' ಎಂದು ಟೈಪು ಮಾಡಿದ್ದರು. ಅಂಕಿ ಇರಬೇಕಾದಲ್ಲಿ ಅಕ್ಷರ ಕಂಡು ಪ್ರೋಗ್ರಾಂ ಎಂಟು ಸಾವಿರ ದಾಟಿದ ಮೇಲೆ ನಿಂತುಬಿಡುತ್ತಿತ್ತು. ಅಲ್ಲಿಯವರೆಗೆ ಹೋದದ್ದು ಮಾತ್ರ ಒಳಗೇ ಉಳಿಯುತ್ತಿತ್ತು. ಮತ್ತೆ ಓಡಿಸಿದರೆ ಎಲ್ಲ ಎರಡೆರಡು ಸಲ. ಹಾಗಾಗಿ ಪ್ರತಿ ತಪ್ಪಿಗೂ ಪೂರ್ತಿ ಅಳಿಸಿ ಮೊದಲಿನಿಂದ! ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಆರು ಸಲ ಓಡಿಸಿದ್ದು ನೆನಪಿದೆ.

ಆಗ ಮಗಳ ಗೆಳೆಯನೊಬ್ಬ ಒಂದು ಉಪಾಯ ಹೇಳಿದ. 'ಬರೆದದ್ದು ಡಿಸ್ಕಿಗೆ ಮುಟ್ಟಿತೇ ಎಂದು ಡೇಟಾಬೇಸು ಪ್ರತಿ ಸಲ ಕಾಯುತ್ತದೆ. ಆ ಕಾಯುವುದನ್ನು ಆಫ್ ಮಾಡಿಬಿಡು. ಒಂದೇ ಸಾಲಿನ ಬದಲಾವಣೆ.' ಮಾಡಿದಳು. 56 ನಿಮಿಷದ ಕೆಲಸ ಅರ್ಧ ಗಂಟೆಯೊಳಗೆ ಮುಗಿಯಿತು. ಎಲ್ಲರೂ ಚಹಾ ಕುಡಿದೆವು.

ಮಾರನೆಯ ವಾರ ನಾನು ಮಾಸ್ತರರ ಮನೆಗೆ ಹೋಗಿ, ಮಳೆಗೆ ಅಳಿಸಿದ ಸಾಲುಗಳನ್ನು ಒಂದೊಂದಾಗಿ ಕೇಳಿ ಬರೆದುಕೊಂಡು ಬಂದೆ. ಅವರ ದೃಷ್ಟಿ ಮಂದವಾಗಿದೆ. ಭೂತಗನ್ನಡಿ ಹಿಡಿದು, ಅರ್ಧ ಕಂಡದ್ದು ಅರ್ಧ ನೆನಪಿನದು ಸೇರಿಸಿ, ನಾಲ್ಕು ದಿನ ಕೂತು 200 ಸಾಲುಗಳನ್ನು ಹೇಳಿದರು. ನಾನು ಅವನ್ನು ನೇರವಾಗಿ ಡೇಟಾಬೇಸಿಗೇ ತಿದ್ದುತ್ತ ಹೋದೆ. ಬರೆದುಕೊಂಡ ಚೀಟಿಗಳನ್ನು ಕೆಲಸ ಮುಗಿಯಿತೆಂದು ರದ್ದಿಗೆ ಹಾಕಿದೆ. ಅಂದು ಸಂಜೆ ಜೋರು ಮಳೆ, ಕರೆಂಟು ಹೋಯಿತು. ಬಂದ ಮೇಲೆ ನೋಡಿದರೆ ಫೈಲು ತೆರೆಯಲಿಲ್ಲ. ಡೇಟಾಬೇಸು ಕೆಟ್ಟಿದೆ ಎಂಬ ಒಂದು ಸಾಲು ಬಿಟ್ಟರೆ ಪರದೆಯ ಮೇಲೆ ಬೇರೇನೂ ಇರಲಿಲ್ಲ.

14,000 ಸಾಲುಗಳನ್ನು ನಮ್ಮ ಮೂಲ ಹಾಳೆಗಳಿಂದ ಮತ್ತೆ ತುಂಬಬಹುದು. ಆದರೆ ಆ 200? ಮಗಳು ಅತ್ತಳು. ನಾನು ಅಳಲಿಲ್ಲ, ಮಾಸ್ತರರ ಎದುರು ಹೇಗೆ ನಿಲ್ಲುವುದೆಂಬ ಯೋಚನೆಯಲ್ಲಿ ರಾತ್ರಿ ನಿದ್ದೆಯೂ ಮಾಡಲಿಲ್ಲ.

ಇಬ್ಬರೂ ಕೂಡಿ ಹೋದೆವು. ಅವರು ಬೈಯಲಿಲ್ಲ. 'ಮತ್ತೊಮ್ಮೆ ಕೂಡೂಣು, ಹೊತ್ತು ಭಾಳ ಅದ ನನ್ನ ಕಡೆ' ಅಂದರು. ರಿಜಿಸ್ಟರು ತೆರೆದಾಗ ನಾನು ಇನ್ನೊಂದು ಸಂದೇಹ ಕೇಳಿದೆ. ಅಲ್ಲಲ್ಲಿ ಹನ್ನೊಂದು ಸಾಲುಗಳು ಪೆನ್ಸಿಲಿನಲ್ಲಿ ಇದ್ದವು. ನಾವು ಅವನ್ನೂ ಟೈಪು ಮಾಡಿದ್ದೆವು, ಆದರೆ ಆ ಪುಸ್ತಕಗಳು ಕಪಾಟಿನಲ್ಲಿ ಎಲ್ಲೂ ಸಿಗಲಿಲ್ಲ.

ಮಾಸ್ತರರು ನಕ್ಕರು. 'ಅವು ಪುಸ್ತಕ ಅಲ್ಲ ತಂಗಿ, ಅರ್ಧಾ ಆದ ಕೆಲಸ. ಪೆನ್ಸಿಲಿನ್ಯಾಗ ಇದ್ದದ್ದನ್ನ ಯಾಕ ಬರಕೊಂಡ್ರಿ? ಪುಸ್ತಕದ ಮ್ಯಾಲೆ ಸಂಘದ ಮುದ್ರಿ ಬೀಳಬೇಕು, ಡಬ್ಬಿಯೊಳಗ ಕಾರ್ಡು ಹೋಗಬೇಕು, ರಿಜಿಸ್ಟರಿನ್ಯಾಗ ನಂಬರು ಬೀಳಬೇಕು. ಮೂರೂ ಆದಮ್ಯಾಲೆ ಶಾಯಿ. ಅಲ್ಲೀತನಕ ಪೆನ್ಸಿಲು. ನಡುವ ಯಾರರೆ ಬಂದು ಕರದ್ರ, ಪೆನ್ಸಿಲು ನೋಡಿದ ಕೂಡಲೆ ಗೊತ್ತಾಗ್ತದ, ಈ ಕೆಲಸ ಮುಗಿದಿಲ್ಲ ಅಂತ.'

ಮಗಳು ಮೆಲ್ಲಗೆ ಕೇಳಿದಳು: 'ಒಂದೊಂದು ಪುಸ್ತಕಕ್ಕೂ ಹೀಗೆ ಮಾಡಿದರೆ ಹೊತ್ತು ಹಿಡಿಯುತ್ತಿರಲಿಲ್ಲವೇ ಅಜ್ಜಾ?'

'ಒಂದೊಂದಕ್ಕ ದೌತಿ ತಗದು ಮುಚ್ಚಿ ಕುಂತಿದ್ರ ಸಂಜೀನ ಆಗ್ತಿತ್ತು. ಒಂದು ಗಂಟು ಬಂತಂದ್ರ, ಇಡೀ ಗಂಟು ಪೆನ್ಸಿಲಿನ್ಯಾಗ ಮುಗಸಿ, ಕಡೀಕ ಒಮ್ಮೆ ಶಾಯಿ ಹಚ್ಚತಿದ್ದೆ. ಆದ್ರ ಶಾಯಿ ಒಣಗೋತನಕ ರಿಜಿಸ್ಟರು ಮುಚ್ಚತಿದ್ದಿಲ್ಲ ನೋಡು.'

ರಿಕ್ಷಾದಲ್ಲಿ ಬರುವಾಗ ಮಗಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: 'ಅಮ್ಮಾ, ಅಜ್ಜ ಹೇಳಿದ್ದೇ ಟ್ರಾನ್ಸಾಕ್ಷನ್. ನಾನು ಶಾಯಿ ಒಣಗುವ ಮೊದಲೇ ರಿಜಿಸ್ಟರು ಮುಚ್ಚಿದೆ.'

ಅವಳು ಮನೆಯಲ್ಲಿ ನನಗೆ ವಿವರಿಸಿದ್ದನ್ನು ನಾನು ನನ್ನ ರೀತಿಯಲ್ಲಿ ಹೇಳುತ್ತೇನೆ. ನಮ್ಮ ಕಡೆಯ ಮದುವೆಗಳಲ್ಲಿ ಮುಯ್ಯಿ ಬರೆಯಲು ಒಬ್ಬರು ಕೂತಿರುತ್ತಾರಲ್ಲ, ಅವರನ್ನು ನೆನೆಸಿಕೊಳ್ಳಿ. ಬಂದವರು ಕವರು ಕೊಡುತ್ತಾರೆ, ಇವರು ಹೆಸರು ಬರೆಯುತ್ತಾರೆ. ಪ್ರತಿ ಕವರಿಗೂ ಎದ್ದು, ಮಹಡಿ ಹತ್ತಿ, ಬೀರುವಿನ ಬೀಗ ತೆಗೆದು, ಒಳಗಿಟ್ಟು, ಬೀಗ ಹಾಕಿ, ಕೆಳಗಿಳಿದು ಬಂದರೆ ಏನಾಗುತ್ತದೆ? ಹೆಸರು ಬರೆಯುವ ಹೊತ್ತು ಕಡಿಮೆ, ಮೆಟ್ಟಿಲು ಹತ್ತಿಳಿಯುವ ಹೊತ್ತೇ ಹೆಚ್ಚು. ಆ ಬೀಗ ಹಾಕುವುದೇ ಕಮಿಟ್. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ನನಗೆ ಕಮಿಟ್ ಎಂದರೆ ಕೊಟ್ಟ ಮಾತಿಗೆ ಕಟ್ಟುಬೀಳುವುದು ಎಂದು ಗೊತ್ತಿತ್ತು. ಯಂತ್ರದ ಮಟ್ಟಿಗೂ ಅರ್ಥ ಅದೇ. 'ಕಮಿಟ್ ಆಯಿತು' ಎಂದರೆ, ಈ ಕ್ಷಣ ಕರೆಂಟು ಹೋದರೂ ನಿನ್ನ ಬರಹ ಉಳಿಯುತ್ತದೆ ಎಂಬ ಮಾತು.

ಆ ಮಾತು ಕೊಡಲು ಹೊತ್ತು ಏಕೆ ಬೇಕು? ಹಳೆಯ ಗಣಕಯಂತ್ರದ ಡಿಸ್ಕು ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 120. ಬರೆಯಬೇಕಾದ ಜಾಗ ಮುಳ್ಳಿನ ಕೆಳಗೆ ಬರುವವರೆಗೆ ಕಾಯಲೇಬೇಕು. ಒಂದು ಕಮಿಟ್‌ಗೆ ಇಂಥ ಕಾಯುವಿಕೆ ಹಲವು ಸಲ, ಏಕೆಂದರೆ ಎಸ್‌ಕ್ಯೂಲೈಟ್ ಹಳೆಯ ಪುಟದ ನಕಲನ್ನು ಮೊದಲು ಬೇರೆ ಕಡೆ ಭದ್ರ ಮಾಡಿ, ಆಮೇಲೆ ಮುಖ್ಯ ಫೈಲು ತಿದ್ದುತ್ತದೆ. ಹೀಗಾಗಿ ಸಾಧಾರಣ ಯಂತ್ರದಲ್ಲಿಯೂ ಅದು ಸೆಕೆಂಡಿಗೆ 50,000 ಸಾಲು ಸೇರಿಸಬಲ್ಲದು, ಆದರೆ ತಿರುಗುವ ಡಿಸ್ಕಿನ ಮೇಲೆ ಸೆಕೆಂಡಿಗೆ ಕೆಲವು ಹತ್ತು ಟ್ರಾನ್ಸಾಕ್ಷನ್ ಮಾತ್ರ ಮುಗಿಸಬಲ್ಲದು. ನಮ್ಮ ಯಂತ್ರದಲ್ಲಿ ಒಂದು ಕಮಿಟ್‌ಗೆ ಸೆಕೆಂಡಿನ ಸಾವಿರದ 40 ಭಾಗ ಹಿಡಿಯುತ್ತಿತ್ತು. ಒಂದು ಪುಸ್ತಕಕ್ಕೆ ಮೂರರಂತೆ 42,000 ಕಮಿಟ್. ಗುಣಿಸಿ ನೋಡಿ, 28 ನಿಮಿಷ.

ಕಾಯುವುದನ್ನು ಆಫ್ ಮಾಡಿದ್ದು ಎಂದರೆ, ಕವರುಗಳನ್ನು ಹಜಾರದ ತಟ್ಟೆಯಲ್ಲೇ ಬಿಟ್ಟು, ಪುಸ್ತಕದಲ್ಲಿ 'ಬೀರುವಿನಲ್ಲಿದೆ' ಎಂದು ಬರೆದಂತೆ.

ಸರಿ, ಕಾಯುವುದನ್ನು ಮತ್ತೆ ಆನ್ ಮಾಡಿದಳು. ಮಾಸ್ತರರ ಗಂಟಿನಂತೆ 500 ಪುಸ್ತಕಗಳನ್ನು ಒಂದೇ ಟ್ರಾನ್ಸಾಕ್ಷನ್ನಿಗೆ ಸೇರಿಸಿದಳು. 42,000 ಕಮಿಟ್ ಹೋಗಿ 28 ಉಳಿದವು. ಇನ್ನು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯುತ್ತದೆ ಎಂದು ಓಡಿಸಿದರೆ, ಮತ್ತೆ ಅರ್ಧ ಗಂಟೆ!

ಅವಳಿಗೆ ತಲೆಕೆಟ್ಟಿತು. ಡಿಸ್ಕು ಹಳತಾಗಿದೆ, ಹೊಸದು ಕೊಳ್ಳಬೇಕು ಎಂದಳು. ನಾನು ಅಷ್ಟರಲ್ಲಿ ಸುಮ್ಮನೆ ಕೂತು ಬೇಸರ ಬಂದು, ಪ್ರತಿ ಸಾವಿರ ಪುಸ್ತಕಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದೆ. ಮೊದಲ ಸಾವಿರಕ್ಕೆ ಹತ್ತು ಸೆಕೆಂಡು. ಏಳನೆಯದಕ್ಕೆ ಎರಡು ನಿಮಿಷ. ಹದಿನಾಲ್ಕನೆಯದಕ್ಕೆ ನಾಲ್ಕು ನಿಮಿಷ.

'ಡಿಸ್ಕಿನ ತಪ್ಪಿದ್ರ ಮೊದಲಿಂದ ಕಡೀತನಕ ಒಂದೇ ಸಮ ತಡಾ ಆಗಬೇಕಿತ್ತಲ್ಲವಾ? ಇದು ಹೋಗ್ತಾ ಹೋಗ್ತಾ ಯಾಕ ಜಾಸ್ತಿ ಆಗ್ತದ?' ಎಂದು ಕೇಳಿದೆ.

ಅವಳು ಕ್ಯಾಲೆಂಡರನ್ನು ನನ್ನ ಕೈಯಿಂದ ಕಸಿದುಕೊಂಡಳು. ಆ ಮೂರು ಅಂಕಿಗಳಲ್ಲಿ ಎರಡನೆಯ ರೋಗದ ಹೆಸರು ಇತ್ತು. ನಡುವಿನ ಆ ಓಆರ್‌ಎಂ ಪದರ ತಾನು ಕಂಡ ಪ್ರತಿಯೊಂದು ಪುಸ್ತಕವನ್ನೂ ನೆನಪಿನಲ್ಲಿ ಇಟ್ಟುಕೊಳ್ಳುತ್ತಿತ್ತು. ಹೊಸದೊಂದು ಬಂದಾಗಲೆಲ್ಲ, ಹಳೆಯವುಗಳಲ್ಲಿ ಏನಾದರೂ ಬದಲಾಗಿದೆಯೇ ಎಂದು ಎಲ್ಲವನ್ನೂ ತಿರುವಿ ನೋಡುತ್ತಿತ್ತು. ಮುಯ್ಯಿ ಬರೆಯುವವರು ಒಂದೊಂದು ಹೊಸ ಹೆಸರಿಗೂ ಮೊದಲ ಪುಟದಿಂದ ಪುಸ್ತಕ ಓದಿದ ಹಾಗೆ. ಹತ್ತು ಜನ ಬಂದಾಗ ತೊಂದರೆಯಿಲ್ಲ, ಸಾವಿರ ಜನ ಬಂದ ಮೇಲೆ ಸಾಲು ಬೀದಿಗೆ ಹೋಗುತ್ತದೆ. ಈ ಅಭ್ಯಾಸ ಪದರದ ತಪ್ಪಲ್ಲ. ಒಂದೆರಡು ಪುಸ್ತಕ ತಿದ್ದುವಾಗ ಅದರಿಂದ ಬಹಳ ಅನುಕೂಲ. ರಾಶಿ ತುಂಬುವಾಗ, ಒಂದು ಗಂಟು ಮುಗಿದ ಮೇಲೆ 'ಇವನ್ನು ಮರೆತುಬಿಡು' ಎಂದು ನಾವೇ ಹೇಳಬೇಕು. ಅವಳು ಹೇಳಿರಲಿಲ್ಲ.

ಒಂದು ಸಾಲು ಸೇರಿಸಿದಳು. 14,000 ಪುಸ್ತಕಗಳು ಒಂದು ನಿಮಿಷದೊಳಗೆ ತುಂಬಿದವು. ಮೊದಲ ಸಾವಿರಕ್ಕೂ ಕಡೆಯ ಸಾವಿರಕ್ಕೂ ಒಂದೇ ಹೊತ್ತು.

ಈಗ ಹಿಂದಿರುಗಿ ನೋಡಿ. ರೋಗ ಎರಡಿದ್ದವು, ಒಂದೊಂದರ ಪಾಲು ಅರ್ಧರ್ಧ. ಭದ್ರತೆ ತೆಗೆದುಹಾಕಿದಾಗಲೂ ಅರ್ಧ ಗಂಟೆ, ಭದ್ರತೆ ಇಟ್ಟುಕೊಂಡು ಗಂಟು ಕಟ್ಟಿದಾಗಲೂ ಅರ್ಧ ಗಂಟೆ. ಅಂದರೆ ಆ 200 ಸಾಲುಗಳನ್ನು ಕಳೆದುಕೊಂಡು ನಾವು ಗಳಿಸಿದ್ದು ಏನೂ ಇಲ್ಲ. ಸುಮ್ಮನೆ ಅಳೆದು ನೋಡಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು.

ಇನ್ನೊಂದು ಕೆಲಸವನ್ನೂ ಮಾಡಿದೆವು. ಪ್ರತಿ ಗಂಟಿನ ಜೊತೆಗೆ, ಅದೇ ಟ್ರಾನ್ಸಾಕ್ಷನ್ನಿನ ಒಳಗೆ, ಕಡೆಯ ಪುಸ್ತಕದ ಕ್ರಮಸಂಖ್ಯೆಯನ್ನು ಬರೆದಿಡುವ ಏರ್ಪಾಡು. ಆಮೇಲೆ ಒಂದು ನಕಲು ಫೈಲಿನ ಮೇಲೆ ಪ್ರೋಗ್ರಾಂ ಓಡುತ್ತಿರುವಾಗಲೇ ನಾನು ಗಣಕಯಂತ್ರದ ಪ್ಲಗ್ ಕಿತ್ತೆ. ಮಗಳು ಕಣ್ಣು ಮುಚ್ಚಿಕೊಂಡಿದ್ದಳು. ಮತ್ತೆ ಚಾಲೂ ಮಾಡಿದಾಗ ಸರಿಯಾಗಿ 6,500 ಪುಸ್ತಕಗಳಿದ್ದವು. 6,501 ಇರಲಿಲ್ಲ. ಲೇಖಕರಿದ್ದು ಪುಸ್ತಕವಿಲ್ಲದ ಸಾಲು ಒಂದೂ ಇರಲಿಲ್ಲ. ಅಲ್ಲಿಂದಲೇ ಮುಂದುವರಿದು ಕೆಲಸ ಮುಗಿಸಿತು.

ಈ ವಿದ್ಯೆಗೆ ದೊಡ್ಡ ಪರಂಪರೆ ಇದೆಯೆಂದು ಮಗಳು ಹೇಳಿದಳು. ಟ್ರಾನ್ಸಾಕ್ಷನ್ ಬಗ್ಗೆ ಮಾಡಿದ ಕೆಲಸಕ್ಕಾಗಿ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಬಂದಿತು. ಎಲ್ಲ ಆಗಬೇಕು ಇಲ್ಲವೇ ಏನೂ ಆಗಬಾರದು, ಆದದ್ದು ಉಳಿಯಬೇಕು ಎಂಬಂಥ ನಾಲ್ಕು ಗುಣಗಳಿಗೆ 1983ರಲ್ಲಿ ಹೆರ್ಡರ್ ಮತ್ತು ರಾಯ್ಟರ್ ಎಂಬ ಇಬ್ಬರು ಜರ್ಮನರು ಆಸಿಡ್ ಎಂಬ ಹೆಸರು ಕೊಟ್ಟರು. ಮದ್ರಾಸಿನ ಐಐಟಿಯಲ್ಲಿ ಓದಿ ಅಮೆರಿಕಕ್ಕೆ ಹೋದ ಸಿ. ಮೋಹನ್ ಮತ್ತು ಅವರ ಐಬಿಎಂ ಸಂಗಡಿಗರು 1992ರಲ್ಲಿ ಏರೀಸ್ ಎಂಬ ವಿಧಾನವನ್ನು ಪ್ರಕಟಿಸಿದರು. ಮೊದಲು ದಿನವಹಿಯಲ್ಲಿ ಬರೆ, ಆಮೇಲೆ ಖಾತೆಗೆ ಏರಿಸು, ನಡುವೆ ಅನಾಹುತವಾದರೆ ದಿನವಹಿ ನೋಡಿ ಖಾತೆ ಸರಿಪಡಿಸು ಎಂಬುದು ಅದರ ತಿರುಳು. ನಮ್ಮ ಊರಿನ ಕಿರಾಣಿ ಅಂಗಡಿಯ ಗುಮಾಸ್ತರು ಇದನ್ನು ಕೇಳಿದ್ದರೆ 'ಮತ್ತ ಹೆಂಗ ಬರೀತಾರ?' ಎನ್ನುತ್ತಿದ್ದರೇನೋ.

ನಿಮ್ಮ ಕಚೇರಿಗಳಲ್ಲಿ ಈಗ ತಿರುಗುವ ಡಿಸ್ಕು ಕಡಿಮೆ ಎಂದು ಬಲ್ಲೆ. ಹೊಸ ಡಿಸ್ಕಿನಲ್ಲಿ ಕಾಯುವ ಹೊತ್ತು ಬಹಳ ಇಳಿದಿದೆ, ಹಾಗಾಗಿ ರೋಗ ಅಡಗಿ ಕೂತಿರುತ್ತದೆ. ಆದರೆ ಡೇಟಾಬೇಸು ಬೇರೆ ಊರಿನಲ್ಲಿದ್ದರೆ, ಹೋಗಿ ಬರುವ ಒಂದು ಪ್ರಯಾಣಕ್ಕೆ ಸೆಕೆಂಡಿನ ಸಾವಿರದ 20 ಭಾಗ ಹಿಡಿದರೂ, 42,000 ಪ್ರಯಾಣಕ್ಕೆ 14 ನಿಮಿಷವಾಯಿತು. ಅಲ್ಲಿಯೂ ಮದ್ದು ಗಂಟೇ. ಹಾಗೆಂದು ಗಂಟು ತೀರ ದೊಡ್ಡದೂ ಆಗಬಾರದು. ಒಬ್ಬರು ದೊಡ್ಡ ಗಂಟು ಹಿಡಿದು ಬೀರುವಿನ ಮುಂದೆ ನಿಂತರೆ ಹಿಂದಿನವರು ಕಾಯಬೇಕು, ನಡುವೆ ತಪ್ಪಿದರೆ ಇಡೀ ಗಂಟನ್ನು ಮತ್ತೆ ಬಿಚ್ಚಬೇಕು. ಐನೂರೋ ಸಾವಿರವೋ ಎಂಬುದನ್ನು ಅಳೆದು ತಿಳಿದುಕೊಳ್ಳಿ.

ನಾನು ಕಲಿತದ್ದು ಇಷ್ಟೇ. ನಿಧಾನವಾಗಿದೆ ಎಂದಾಗ ಮೊದಲು ಗಡಿಯಾರ ನೋಡಿ, ಆಮೇಲೆ ಊಹೆ ಮಾಡಿ. ತಡ ಒಂದೇ ಸಮನೆ ಇದೆಯೋ, ಬೆಳೆಯುತ್ತಿದೆಯೋ ಬರೆದಿಡಿ. ಎರಡೂ ಬೇರೆ ಬೇರೆ ರೋಗ. ಒಂದು ಸಲಕ್ಕೆ ಒಂದೇ ಮದ್ದು ಕೊಟ್ಟು ನೋಡಿ. ಕೊಟ್ಟ ಮಾತನ್ನು ಮುರಿದು ಮಾತ್ರ ವೇಗ ಗಳಿಸಬೇಡಿ. ಏಕೆಂದರೆ ಆ ಫೈಲಿನ ಒಳಗೆ ಯಾರೋ ಒಬ್ಬರು ಭೂತಗನ್ನಡಿ ಹಿಡಿದು ನೆನಪಿಸಿಕೊಂಡ ಸಾಲುಗಳಿರುತ್ತವೆ.

200 ಸಾಲುಗಳನ್ನು ಮಾಸ್ತರರು ಎರಡನೆಯ ಸಲ ಹೇಳಿದರು. 187 ನೆನಪಾದವು. 13 ಆಗಲಿಲ್ಲ. ಆ 13 ಕ್ರಮಸಂಖ್ಯೆಗಳ ಎದುರು ಖಾಲಿ ಬಿಟ್ಟಿದ್ದೇವೆ. ಪೆನ್ಸಿಲಿನ ಹನ್ನೊಂದು ಸಾಲುಗಳನ್ನು ಅವರ ಎದುರೇ ತೆಗೆದೆವು.

ಎಲ್ಲ ಮುಗಿದ ದಿನ ಮಗಳು ತನ್ನ ಲ್ಯಾಪ್‌ಟಾಪ್ ಒಯ್ದು ಅವರ ಮಂಚದ ಮೇಲೆ ಇಟ್ಟು, ಕ್ರಮಸಂಖ್ಯೆ 1 ಎಂದು ಒತ್ತಿ, ಪುಸ್ತಕದ ಹೆಸರನ್ನು ಓದಿ ಹೇಳಿದಳು. ಅವರು ಪರದೆಯ ಮೇಲೆ ಬೆರಳಾಡಿಸಿ ಕೇಳಿದರು: 'ಶಾಯಿ ಒಣಗೇದನು?'

'ಒಣಗೇದ ಅಜ್ಜಾ' ಎಂದಳು, ಅವರದೇ ಕನ್ನಡದಲ್ಲಿ.